ಅವನಿಗೆ ಐವತ್ತು ಡಾಲರು ಹೆಚ್ಚೇಕೆ?

(ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ನಡೆದ ಅಭ್ಯಾಸ ಕೂಟಗಳಲ್ಲಿ ನಮ್ಮ ಸಂಘಟಕರು ಮಾಡಿದ ಭಾಷಣ. ಸಭಿಕರ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನೂ ಸೇರಿಸಿಕೊಂಡು ಇಲ್ಲಿ ಅಚ್ಚು ಮಾಡಿದೆ. — ಸಂ.)



ಪಕ್ಷದ ಸಭೆಗೆ ಕರೆದು ಟೆಲಿವಿಷನ್ನಿನ ನಗೆಯಾಟದ ಮಾತು ಆಡುತ್ತಾನಲ್ಲ ಇವನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ದುಡಿದು ಮನೆಗೆ ಬಂದವನು ರಾತ್ರಿ ಮುದ್ದೆಯ ತಟ್ಟೆ ಮುಂದಿಟ್ಟುಕೊಂಡು ನೋಡುವುದು ಟೆಲಿವಿಷನ್ನನ್ನೇ ಹೊರತು ನಮ್ಮ ಪಕ್ಷದ ಪ್ರಣಾಳಿಕೆಯನ್ನಲ್ಲ. ಹಾಸನದವರಿಗಂತೂ ಈ ಯಂತ್ರ ದೂರದ ಸಂಗತಿಯಲ್ಲ. ದೇಶದ ಮೂಲೆ ಮೂಲೆಗೆ ಚಿತ್ರವನ್ನು ಮುಟ್ಟಿಸಿದ ಇನ್‌ಸಾಟ್ ಉಪಗ್ರಹಗಳನ್ನು ಹದ್ದುಬಸ್ತಿನಲ್ಲಿಡುವ ಕೇಂದ್ರವನ್ನು 1982ರಲ್ಲಿ ಸ್ಥಾಪಿಸಿದ್ದು ನಮ್ಮ ಸಾಲಗಾಮೆ ರಸ್ತೆಯಲ್ಲೇ. ಆಕಾಶದ ಕುದುರೆಯ ಲಗಾಮು ನಮ್ಮೂರಿನಲ್ಲಿದೆ. ಆ ಕುದುರೆ ಹೊತ್ತು ತರುವ ಸರಕನ್ನು ಯಾರು ಕಟ್ಟಿ ಕಳಿಸುತ್ತಾರೆ, ಕಟ್ಟುವವರಿಗೆ ಏನು ಕೂಲಿ ಎಂಬುದು ಈ ಹೊತ್ತಿನ ವಿಷಯ.

ನಾನು ಹೇಳಹೊರಟಿರುವುದು ಅಮೆರಿಕದ ಒಂದು ಹಾಸ್ಯ ಧಾರಾವಾಹಿಯ ಕಥೆ. ‘ಸಿಲ್ಲಿ ಲಲ್ಲಿ’, ‘ಪಾಪ ಪಾಂಡು’ ನೋಡಿದವರಿಗೆ ಇಂಥ ಆಟದ ಕ್ರಮ ಗೊತ್ತು. ಅದೇ ಮನೆ, ಅದೇ ಜನ, ಕಂತಿಗೊಂದು ಹೊಸ ಫಜೀತಿ. ಇದರಲ್ಲಿ ಮನೆಯ ಜೊತೆಗೆ ಒಂದು ಸುದ್ದಿಮನೆಯೂ ಇದೆ. ಮಿನಿಯಾಪೊಲಿಸ್ ಎಂಬ ಊರಿನ ಡಬ್ಲ್ಯು.ಜೆ.ಎಂ. ಎಂಬ ಕಾಲ್ಪನಿಕ ಟೆಲಿವಿಷನ್ ಕೇಂದ್ರ. ಅಲ್ಲಿ ಸುದ್ದಿ ವಿಭಾಗದ ಮುಖ್ಯಸ್ಥ ಲೂ ಗ್ರ್ಯಾಂಟ್, ಗದರುವ ಆಸಾಮಿ. ಸುದ್ದಿ ಬರೆದುಕೊಡುವವನು ಮರ್ರೆ. ಬರೆದುಕೊಟ್ಟದ್ದನ್ನು ಗಂಭೀರ ಕಂಠದಲ್ಲಿ ಓದುವವನು ಟೆಡ್ ಬ್ಯಾಕ್ಸ್‌ಟರ್. ಕಂಠವೊಂದು ಬಿಟ್ಟರೆ ಅವನಲ್ಲಿ ಮತ್ತೇನೂ ಇಲ್ಲ. ಓದುವುದರ ಅರ್ಥ ಅವನಿಗೇ ಆಗುವುದಿಲ್ಲ. ಇವರ ನಡುವೆ ಕೆಲಸಕ್ಕೆ ಬಂದ ಮೂವತ್ತರ ಅವಿವಾಹಿತ ಹೆಣ್ಣುಮಗಳು ಮೇರಿ. 1970ರ ಸೆಪ್ಟೆಂಬರಿನಿಂದ 1977ರ ಮಾರ್ಚಿಯವರೆಗೆ 168 ಕಂತುಗಳು ನಡೆದ ಈ ಆಟಕ್ಕೆ ನಟಿಯ ಹೆಸರನ್ನೇ ಇಟ್ಟಿದ್ದರು: ‘ಮೇರಿ ಟೈಲರ್ ಮೂರ್ ಷೋ’. ಆಗ ನಮ್ಮಲ್ಲಿ ಬೆಂಗಳೂರಿಗೂ ಟೆಲಿವಿಷನ್ ಬಂದಿರಲಿಲ್ಲ. ಈಗ ಅದರ ಕಂತುಗಳು ಕೈಯ ಮೊಬೈಲಿನಲ್ಲೇ ಸಿಗುತ್ತವೆ.

ಮೊದಲ ಕಂತಿನಲ್ಲೇ ಒಂದು ತಮಾಷೆ ಇದೆ. ಮೇರಿ ಗುಮಾಸ್ತೆಯ ಕೆಲಸ ಕೇಳಿಕೊಂಡು ಹೋಗುತ್ತಾಳೆ. ಅದು ಆಗಲೇ ಭರ್ತಿಯಾಗಿದೆ. ಇನ್ನೊಂದಿದೆ, ಸಹಾಯಕ ನಿರ್ಮಾಪಕಿಯದು, ಆದರೆ ಅದಕ್ಕೆ ಗುಮಾಸ್ತೆಯ ಕೆಲಸಕ್ಕಿಂತ ವಾರಕ್ಕೆ ಹತ್ತು ಡಾಲರು ಕಡಿಮೆ ಎನ್ನುತ್ತಾನೆ ಲೂ. ಅವಳು ಒಪ್ಪುತ್ತಾಳೆ. ಹದಿನೈದು ಡಾಲರು ಕಡಿಮೆಗೆ ಬರುವುದಾದರೆ ಪೂರ್ತಿ ನಿರ್ಮಾಪಕಿಯನ್ನಾಗಿಯೇ ಮಾಡುತ್ತೇನೆ ಎನ್ನುತ್ತಾನೆ. ಅವಳು ಯೋಚಿಸಿ, ಸಹಾಯಕಿಯಾಗುವಷ್ಟೇ ನನ್ನ ಶಕ್ತಿ ಎಂದು ಬಿಡುತ್ತಾಳೆ! ನೋಡುವವರು ನಗುತ್ತಾರೆ. ಹಾಸನದ ಕೂಟದಲ್ಲಿ ಇದನ್ನು ಹೇಳಿದಾಗ ಹಿಂದಿನ ಸಾಲಿನ ಒಬ್ಬ ಹೆಣ್ಣುಮಗಳು ನಗಲಿಲ್ಲ. ಆಕೆಗೆ ‘ಲೈನ್ ಲೀಡರ್’ ಎಂದು ಹೆಸರು ಕೊಟ್ಟು ಒಂದು ವರ್ಷವಾಗಿತ್ತಂತೆ. ಹೆಸರು ಬಂತು, ಬೈಗುಳ ಹೆಚ್ಚಾಯಿತು, ಸಂಬಳ ಇದ್ದಲ್ಲೇ ಇದೆ ಎಂದಳು.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಕಂತು. 1972ರ ಸೆಪ್ಟೆಂಬರಿನಲ್ಲಿ ಬಂದದ್ದು. ಅದರಲ್ಲಿ ಎರಡು ಎಳೆಗಳಿವೆ. ಒಂದು, ಕೇಂದ್ರದ ಆಡಳಿತದವರಿಗೆ ಸುದ್ದಿ ಬಹಳ ಬಿಗಿಯಾಯಿತು ಅನ್ನಿಸುತ್ತದೆ. ಸುದ್ದಿ ಓದುವವರು ಹರಟೆ ಹೊಡೆಯಬೇಕು, ಒಬ್ಬರನ್ನೊಬ್ಬರು ರೇಗಿಸಬೇಕು, ನೋಡುವವರು ಸಂತೋಷಪಡಬೇಕು ಎಂದು ಅಪ್ಪಣೆಯಾಗುತ್ತದೆ. ಆ ‘ಸಂತೋಷದ ಸುದ್ದಿ’ಯ ಹೊಣೆ ಮೇರಿಯ ತಲೆಗೆ ಬರುತ್ತದೆ. ಇನ್ನೊಂದು ಎಳೆ, ತನಗಿಂತ ಮೊದಲು ಅದೇ ಕುರ್ಚಿಯಲ್ಲಿ ಕುಳಿತು ಅದೇ ಕೆಲಸ ಮಾಡುತ್ತಿದ್ದ ಗಂಡಸಿಗೆ ವಾರಕ್ಕೆ ಐವತ್ತು ಡಾಲರು ಹೆಚ್ಚು ಕೊಡುತ್ತಿದ್ದರು ಎಂಬುದು ಅವಳಿಗೆ ತಿಳಿದುಬಿಡುತ್ತದೆ. ಅಂದಿನ ವಿನಿಮಯದಲ್ಲಿ ಮುನ್ನೂರೈವತ್ತು ರೂಪಾಯಿಗೂ ಮೇಲೆ, ಅದೂ ವಾರಕ್ಕೆ.

ಅವಳು ಒಳಗೆ ಹೋಗಿ ಕೇಳುತ್ತಾಳೆ. ಅವನಿಗೆ ಹೆಚ್ಚೇಕೆ? ಲೂ ಗ್ರ್ಯಾಂಟ್ ಕೆಟ್ಟವನಲ್ಲ, ಸುಳ್ಳನೂ ಅಲ್ಲ. ಅವನು ಗಂಡಸಾಗಿದ್ದ ಎಂದುಬಿಡುತ್ತಾನೆ. ಅವನು ಅವಳಿಗಿಂತ ಜಾಣನೇ? ಅಲ್ಲ. ಹೆಚ್ಚು ದುಡಿಯುತ್ತಿದ್ದನೇ? ಇಲ್ಲ. ಅವನಿಗೆ ಸಂಸಾರವಿತ್ತು, ಹೆಂಡತಿ ಮಕ್ಕಳನ್ನು ಸಾಕಬೇಕಾಗಿತ್ತು, ನಿನಗಿಲ್ಲ ಎಂಬುದೇ ಅವನ ಉತ್ತರ. ಆ ಉತ್ತರಕ್ಕೆ ಮೊದಲು ಮೇರಿಯ ಬಾಯಿ ಕಟ್ಟಿಹೋಗುತ್ತದೆ. ಆಮೇಲೆ ತಿರುಗಿ ಬಂದು ಲೆಕ್ಕ ಹಾಕಿ ಹೇಳುತ್ತಾಳೆ. ಮನೆಯ ಅಗತ್ಯ ನೋಡಿ ಸಂಬಳ ಕೊಡುವುದೇ ನ್ಯಾಯವಾದರೆ ಎರಡು ಮಕ್ಕಳಿದ್ದವನಿಗಿಂತ ಮೂರು ಮಕ್ಕಳಿದ್ದವನಿಗೆ ಹೆಚ್ಚು ಕೊಡಬೇಕು, ಬ್ರಹ್ಮಚಾರಿಗೆ ಕಡಿಮೆ ಕೊಡಬೇಕು. ಹಾಗೆ ನೀವು ಕೊಡುತ್ತಿಲ್ಲವಲ್ಲ?

ಈ ಒಂದು ಪ್ರಶ್ನೆಯನ್ನು ನೀವು ಮನೆಗೆ ಹೊತ್ತುಕೊಂಡು ಹೋಗಬೇಕು ಎಂದು ನನ್ನ ಆಸೆ. ನಮ್ಮ ಧಣಿಗಳು, ಮೇಸ್ತ್ರಿಗಳು, ಅಷ್ಟೇಕೆ ನಮ್ಮ ಮನೆಯ ಗಂಡಸರೂ ಆಡುವ ಮಾತು ಇದೇ ಅಲ್ಲವೇ? ‘ಅವನು ಸಂಸಾರಸ್ಥ.’ ಹಾಗಾದರೆ ಗಂಡ ಸತ್ತು ಮೂವರು ಮಕ್ಕಳನ್ನು ಸಾಕುತ್ತಿರುವವಳು ಸಂಸಾರಸ್ಥಳಲ್ಲವೇ? ಗಂಡ ಬಟವಾಡೆಯ ಸಂಜೆಯೇ ಹೆಂಡದಂಗಡಿಗೆ ಸುರಿದು ಬರುವವನಾದರೆ ಆ ಮನೆಯ ಯಜಮಾನ ಯಾರು? ಸಂಸಾರದ ವಾದವನ್ನು ಧಣಿ ಪ್ರಾಮಾಣಿಕವಾಗಿ ನಂಬಿದ್ದರೆ ಇಂಥ ಹೆಂಗಸಿಗೆ ಎಲ್ಲರಿಗಿಂತ ಹೆಚ್ಚು ಕೊಡಬೇಕಿತ್ತು. ಯಾವ ಧಣಿಯೂ ಕೊಟ್ಟದ್ದನ್ನು ನಾನು ಕಂಡಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಈ ಕಂತು ಬರುವುದಕ್ಕೆ ಒಂಬತ್ತು ವರ್ಷ ಮೊದಲೇ, 1963ರಲ್ಲಿ, ಅಮೆರಿಕದಲ್ಲಿ ಸಮಾನ ವೇತನದ ಕಾಯಿದೆ ಆಗಿತ್ತು. 1970ರ ಮಾರ್ಚಿಯಲ್ಲಿ ‘ನ್ಯೂಸ್‌ವೀಕ್’ ಎಂಬ ದೊಡ್ಡ ವಾರಪತ್ರಿಕೆಯ 46 ಮಂದಿ ಹೆಣ್ಣುಮಕ್ಕಳು ಸರ್ಕಾರದ ಆಯೋಗಕ್ಕೆ ದೂರು ಕೊಟ್ಟಿದ್ದರು. ಅಲ್ಲಿ ಗಂಡಸರು ‘ಬರಹಗಾರರು’, ಹೆಂಗಸರು ‘ಸಂಶೋಧಕಿಯರು’. ಕಾಲೇಜಿನ ಓದು ಎರಡು ಕಡೆಯೂ ಒಂದೇ. ಹೆಸರು ಬೇರೆ ಮಾಡಿದರೆ ಸಂಬಳವನ್ನೂ ಬೇರೆ ಮಾಡಬಹುದು ಎಂಬ ಉಪಾಯ. ಅಂದರೆ ಕಾಯಿದೆಯೂ ಇತ್ತು, ಹೋರಾಟವೂ ಇತ್ತು. ಆದರೂ ಮೇರಿಯಂಥವಳಿಗೆ ಎರಡು ವರ್ಷ ಗೊತ್ತಾಗಲಿಲ್ಲವೇಕೆ? ಹಿಂದಿನವನ ಸಂಬಳದ ಅಂಕಿ ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಅಷ್ಟೆ. ಸಂಬಳವನ್ನು ಗುಟ್ಟು ಮಾಡಿದರೆ ಕಾಯಿದೆಯನ್ನು ಮುರಿಯುವ ಶ್ರಮವೂ ಮಾಲೀಕನಿಗೆ ಬೇಕಾಗಿಲ್ಲ. ಕೇಳುವವರೇ ಹುಟ್ಟುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಗುಟ್ಟು ಕೂಡ ಬೇಕಾಗಿರಲಿಲ್ಲ. ಗಂಡಾಳು, ಹೆಣ್ಣಾಳು ಎಂದು ಎರಡು ಕೂಲಿಗಳನ್ನು ಹಾಡುಹಗಲೇ ಹೇಳುತ್ತಾ ಬಂದವರು ನಾವು. ಆಲೂಗಡ್ಡೆ ಕೀಳುವ ಕಾಲದಲ್ಲಿ ಹಾಸನದ ಸುತ್ತ ಹೊಲಗಳಿಗೆ ಹೋಗಿ ನೋಡಿ. ಬೆಳಗಿನಿಂದ ಬಗ್ಗಿದ ಬೆನ್ನು ಎತ್ತದೆ ಗಡ್ಡೆ ಆಯುವವಳಿಗೆ ಒಂದು, ಮೂಟೆ ಹೊಲಿದು ನಿಲ್ಲಿಸುವವನಿಗೆ ಒಂದು. ಅರಕಲಗೂಡಿನ ಕಡೆ ಹೊಗೆಸೊಪ್ಪು ಕಡ್ಡಿಗೆ ಕಟ್ಟುವುದು, ಬ್ಯಾರನ್ನಿನಲ್ಲಿ ಬೆಂದ ಮೇಲೆ ಬಣ್ಣ ನೋಡಿ ಗ್ರೇಡು ಮಾಡುವುದು ಬಹುಪಾಲು ಹೆಂಗಸರ ಕೈ. ರಾಮನಾಥಪುರದ ಹರಾಜಿನಲ್ಲಿ ಬೆಲೆ ನಿಲ್ಲುವುದು ಆ ಗ್ರೇಡಿನ ಮೇಲೆ. ಸೊಪ್ಪಿನ ಬೆಲೆ ನಿಶ್ಚಯಿಸುವ ಕಣ್ಣು ಯಾರದೋ, ಅವರ ಕೂಲಿಯೇ ಕಡಿಮೆ. 2005ರ ಉದ್ಯೋಗ ಖಾತರಿ ಕಾಯಿದೆಯ ಕೆಲಸದಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಕೂಲಿ ಎಂದು ಮಾಡಿದಾಗ ಹೊಲದ ಒಡೆಯರು ಗೊಣಗಿದ್ದು ಸುಮ್ಮನೆಯಲ್ಲ.

ಗಾರ್ಮೆಂಟ್ಸ್ ಮಿಲ್ಲುಗಳಲ್ಲಿ ಇಷ್ಟು ಬಹಿರಂಗವಿಲ್ಲ. ಸರ್ಕಾರದ ಕನಿಷ್ಠ ವೇತನದ ಪಟ್ಟಿಯಲ್ಲಿ ಗಂಡು ಹೆಣ್ಣು ಎಂಬ ಕಾಲಂ ಇಲ್ಲ. ಇರುವುದು ಹೆಲ್ಪರು, ಟೈಲರು, ಚೆಕ್ಕರು, ಕಟ್ಟಿಂಗಿನವನು ಎಂಬ ಹೆಸರುಗಳು. ಮೂರು ವರ್ಷ ಮಿಷನ್ನಿನ ಮೇಲೆ ಕುಳಿತವಳನ್ನು ಪುಸ್ತಕದಲ್ಲಿ ಹೆಲ್ಪರೆಂದೇ ಬರೆದಿಟ್ಟರೆ ಯಾವ ಕಾಯಿದೆಯೂ ಮೇಲುನೋಟಕ್ಕೆ ಮುರಿಯಲಿಲ್ಲ. ಹೆಸರಿನ ಉಪಾಯ, ನ್ಯೂಸ್‌ವೀಕಿನದೇ.

ನಮ್ಮ ಸಂವಿಧಾನದ 39ನೆಯ ವಿಧಿಯಲ್ಲಿ ಸಮಾನ ಕೆಲಸಕ್ಕೆ ಸಮಾನ ವೇತನದ ಮಾತು ಮೊದಲಿನಿಂದ ಇದೆ. ಮಾತನ್ನು ಕಾಯಿದೆ ಮಾಡಲು ಇಪ್ಪತ್ತೈದು ವರ್ಷ ಹಿಡಿಯಿತು: 1975ರಲ್ಲಿ ಸುಗ್ರೀವಾಜ್ಞೆ, 1976ರಲ್ಲಿ ಕಾಯಿದೆ. ಅದರ ಮೇಲೆ ಮುಂಬಯಿಯ ಹಡಗು ಕಂಪನಿಯೊಂದರಲ್ಲಿ ಶೀಘ್ರಲಿಪಿಗಾರ್ತಿಯಾಗಿದ್ದ ಆಡ್ರೆ ಡಿಕೋಸ್ಟ ಎಂಬಾಕೆ ದಾವೆ ಹೂಡಿದರು. ಗಂಡು ಸ್ಟೆನೋಗಳಿಗೆ ಹೆಚ್ಚು, ಹೆಣ್ಣು ಸ್ಟೆನೋಗಳಿಗೆ ಕಡಿಮೆ; ಕಂಪನಿ ಹೇಳಿದ ಸಮಾಧಾನ, ಇವರ ಕೆಲಸದ ಬಗೆಯೇ ಬೇರೆ ಎಂದು. 1987ರಲ್ಲಿ ಸುಪ್ರೀಂ ಕೋರ್ಟು ಆ ಸಮಾಧಾನವನ್ನು ಒಪ್ಪಲಿಲ್ಲ. ಹೆಸರನ್ನಲ್ಲ, ಮಾಡುವ ಕೆಲಸವನ್ನು ನೋಡಬೇಕು ಎಂಬುದು ಅದರ ತಾತ್ಪರ್ಯ. ಈಗ ಆ 1976ರ ಕಾಯಿದೆ 2019ರ ವೇತನ ಸಂಹಿತೆಯೊಳಗೆ ಸೇರಿಹೋಗಿದೆ. 2025ರ ನವೆಂಬರ್ 21ರಿಂದ ಸಂಹಿತೆಗಳು ಜಾರಿಗೆ ಬಂದವು. ಅವುಗಳ ವಿಷಯದಲ್ಲಿ ನಮ್ಮ ಪಕ್ಷದ ಆಕ್ಷೇಪಣೆಗಳು ಬಹಳ ಇವೆ, ಅದನ್ನು ಇನ್ನೊಂದು ದಿನ ಮಾತಾಡೋಣ. ಆದರೆ ಇರುವ ಆಯುಧವನ್ನು ತುಕ್ಕು ಹಿಡಿಯಲು ಬಿಡಬಾರದು.

ಹಾಸನದಲ್ಲಿ ಒಬ್ಬ ಮಿಲ್ ಕಾರ್ಮಿಕ ಬಂಧು ಎದ್ದು ನಿಂತು, ‘ಸ್ವಾಮಿ, ನಮಗೇ ಸಾಲುತ್ತಿಲ್ಲ. ಹೆಂಗಸರಿಗೆ ಸಮ ಮಾಡುತ್ತೇವೆಂದು ನಮ್ಮದನ್ನು ಇಳಿಸಿದರೆ?’ ಎಂದರು. ಭಯ ಸಹಜ. ಇಳಿಸುವಂತಿಲ್ಲ. ಸಮ ಮಾಡುವ ನೆಪದಲ್ಲಿ ಯಾರ ವೇತನವನ್ನೂ ಕಡಿಮೆ ಮಾಡಬಾರದೆಂದು ಹಳೆಯ ಕಾಯಿದೆಯಲ್ಲೂ ಇತ್ತು, ಹೊಸ ಸಂಹಿತೆಯಲ್ಲೂ ಇದೆ. ಕಾಯಿದೆಯನ್ನು ಬದಿಗಿಟ್ಟು ಮಾಲೀಕನ ಲೆಕ್ಕದಿಂದಲೇ ನೋಡಿ. ಅದೇ ಕೆಲಸಕ್ಕೆ ಕಡಿಮೆ ಕೂಲಿಯ ಕೈ ಬಾಗಿಲಲ್ಲಿ ನಿಂತಿರುವವರೆಗೆ ನಿಮ್ಮ ಕೂಲಿ ಏರುವುದು ಹೇಗೆ? ನಾಳೆ ನಿಮ್ಮನ್ನು ಕಳಿಸಿ ಅವಳನ್ನು ಕೂರಿಸಿಕೊಳ್ಳುತ್ತಾನೆ. ಅವಳ ಕೂಲಿ ನಿಮ್ಮ ಸಮಕ್ಕೆ ಬಂದ ದಿನ ಆ ಬೆದರಿಕೆ ಅವನ ಕೈ ತಪ್ಪುತ್ತದೆ. ಲೋಹಿಯಾ ಅವರು ತಮ್ಮ ಏಳು ಕ್ರಾಂತಿಗಳಲ್ಲಿ ಗಂಡು ಹೆಣ್ಣಿನ ಸಮಾನತೆಯನ್ನು ಮೊದಲಿಗೆ ಎಣಿಸಿದ್ದು ಹೆಂಗಸರ ಮೇಲಿನ ಕನಿಕರದಿಂದ ಎಂದು ತಿಳಿಯಬೇಡಿ.

ಅರಕಲಗೂಡಿನಲ್ಲಿ ವರ್ತಕ ಮಿತ್ರರೊಬ್ಬರ ಪ್ರಶ್ನೆ ಬೇರೆ ಬಗೆಯದು. ‘ನನ್ನ ಅಂಗಡಿಯಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ. ಹುಡುಗ ಮೂಟೆ ಇಳಿಸುತ್ತಾನೆ, ಅವನಿಗೆ ಎರಡು ಸಾವಿರ ಹೆಚ್ಚು. ತಪ್ಪೇನು? ಮೊಬೈಲಿನಲ್ಲಿ ಮಾರುವ ದೊಡ್ಡ ಕಂಪನಿಗಳು ನನ್ನ ಕುತ್ತಿಗೆ ಹಿಡಿದಿರುವಾಗ ನೀವೂ ಬಂದು ಹಿಡಿಯುತ್ತೀರಾ?’ ಎಂದರು. ಕೆಲಸ ನಿಜವಾಗಿ ಬೇರೆಯಾದರೆ ಕೂಲಿ ಬೇರೆಯಾಗಬಹುದು, ಅದಕ್ಕೆ ಯಾರ ತಕರಾರೂ ಇಲ್ಲ ಎಂದೆ. ಆಮೇಲೆ ಕೇಳಿದೆ, ಲಾರಿ ಬಂದ ದಿನ ಮೂಟೆ ಇಳಿಸುವವರು ಯಾರು? ಹಮಾಲರು. ಅವರಿಗೆ ಹಮಾಲಿ ಬೇರೆ ಕೊಡುತ್ತೀರಾ? ಕೊಡುತ್ತೇನೆ. ಬಿಲ್ಲು ಬರೆಯುವುದು, ಸಾಲದ ಪುಸ್ತಕ ಇಡುವುದು ಯಾರು? ಆ ಹುಡುಗಿ. ಸಭೆ ನಕ್ಕಿತು, ಅವರೂ ನಕ್ಕರು. ದೊಡ್ಡ ಕಂಪನಿಗಳ ವಿಷಯದಲ್ಲಿ ಅವರ ಸಂಕಟ ನಿಜ, ಅದಕ್ಕೆ ನಾವು ಅವರ ಜೊತೆ ನಿಲ್ಲಬೇಕು. ಆದರೆ ಆ ಸಂಕಟದ ಖರ್ಚನ್ನು ಬಿಲ್ಲು ಬರೆಯುವ ಹುಡುಗಿಯ ಲೆಕ್ಕಕ್ಕೆ ಬರೆಯುವುದು ವ್ಯಾಪಾರ ಧರ್ಮವಲ್ಲ.

ಈಗ ಆ ಕಂತಿನ ಮೊದಲ ಎಳೆಗೆ, ‘ಸಂತೋಷದ ಸುದ್ದಿ’ಗೆ ಬರುತ್ತೇನೆ. ಎರಡೂ ಎಳೆಗಳನ್ನು ಒಂದೇ ಕಂತಿನಲ್ಲಿ ಹೆಣೆದದ್ದು ಬರೆದವರ ಉದ್ದೇಶವೋ ಆಕಸ್ಮಿಕವೋ, ನನಗಂತೂ ಅವು ಒಂದೇ ಹಗ್ಗವಾಗಿ ಕಂಡವು. ಸುದ್ದಿಯನ್ನು ನಗೆಚಾಟಿಕೆ ಮಾಡಿದರೆ ಅದರಿಂದ ಮೊದಲು ಬಿದ್ದುಹೋಗುವುದು ಕೂಲಿಯ ಸುದ್ದಿ. 2016ರ ಏಪ್ರಿಲನ್ನು ನೆನಪಿಸಿಕೊಳ್ಳಿ. ಭವಿಷ್ಯ ನಿಧಿಯ ಹಣವನ್ನು 58 ವರ್ಷದವರೆಗೆ ಪೂರ್ತಿ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಏಪ್ರಿಲ್ 18 ಮತ್ತು 19ರಂದು ರಸ್ತೆಗೆ ಇಳಿದರು. ಕರೆ ಕೊಟ್ಟ ದೊಡ್ಡ ಮುಖಂಡನಿಲ್ಲ. ಹೊಸೂರು ರಸ್ತೆ, ತುಮಕೂರು ರಸ್ತೆ ನಿಂತುಹೋದವು. ಎರಡನೆಯ ದಿನವೇ ಕೇಂದ್ರ ಸರ್ಕಾರ ನಿಯಮವನ್ನು ವಾಪಸು ತೆಗೆದುಕೊಂಡಿತು. ಹೆಂಗಸರು ಎರಡೇ ದಿನದಲ್ಲಿ ದಿಲ್ಲಿಯನ್ನು ಮಣಿಸಿದ ಈ ಘಟನೆಯನ್ನು ಪರದೆಯ ಮೇಲೆ ನಾನು ನೋಡಿದ್ದು ಹೇಗೆ? ಉರಿಯುವ ಬಸ್ಸು, ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವರ ಗೋಳು. ಹತ್ತು ವರ್ಷ ಹೊಲಿದವಳ ಭವಿಷ್ಯ ನಿಧಿಯಲ್ಲಿ ಎಷ್ಟಿರುತ್ತದೆ, ಮಗಳ ಮದುವೆಗೋ ಮನೆಯ ಸೂರಿಗೋ ಅದು ಏಕೆ ಬೇಕು ಎಂದು ಕೂತು ವಿವರಿಸಿದ್ದು ಬಹಳ ಕಡಿಮೆ.

ಇದಕ್ಕೆ ವರದಿಗಾರನನ್ನು ಬಯ್ದರೆ ಪ್ರಯೋಜನವಿಲ್ಲ. ಅವನ ಬಟವಾಡೆ ಪುಸ್ತಕವನ್ನೂ ತೆರೆದು ನೋಡಬೇಕು. ಮೈಸೂರಿನ ಆರ್.ಕೆ. ನಾರಾಯಣರ ಹೆಸರು ಕೇಳಿದ್ದೀರಿ, ಶಂಕರ್ ನಾಗ್ ಅವರು ‘ಮಾಲ್ಗುಡಿ ಡೇಸ್’ ಮಾಡಿದ್ದು ಅವರ ಕಥೆಗಳಿಂದಲೇ. ಆ ನಾರಾಯಣರು 1930ರ ದಶಕದಲ್ಲಿ ಮದರಾಸಿನ ‘ಜಸ್ಟಿಸ್’ ಪತ್ರಿಕೆಗೆ ಮೈಸೂರಿನ ಸುದ್ದಿಗಾರರಾಗಿದ್ದರು. ತಿಂಗಳ ಸಂಬಳವಿಲ್ಲ. ಅಚ್ಚಾದ ಸುದ್ದಿಯನ್ನು ಅಂಗುಲದ ಲೆಕ್ಕದಲ್ಲಿ ಅಳೆದು ಕೂಲಿ. ಗಾರ್ಮೆಂಟ್ಸಿನಲ್ಲಿ ಪೀಸಿನ ಲೆಕ್ಕ ಎನ್ನುತ್ತೀರಲ್ಲ, ಅದೇ! ಮುಂದೆ 1949ರಲ್ಲಿ ಅವರು ಬರೆದ ‘ಮಿಸ್ಟರ್ ಸಂಪತ್’ ಎಂಬ ಕಾದಂಬರಿಯಲ್ಲೂ ಒಂದು ಬಡ ಪತ್ರಿಕೆ, ಒಬ್ಬ ಆದರ್ಶವಾದಿ ಸಂಪಾದಕ, ಬಾಯಿಮಾತಿನಲ್ಲೇ ಲೋಕ ಗೆಲ್ಲುವ ಒಬ್ಬ ಮುದ್ರಕ. ನಮ್ಮ ನಾಡಿನ ಸುದ್ದಿಮನೆಯ ನಗೆಯಾಟ ಎಂದರೆ ನನ್ನ ಮಟ್ಟಿಗೆ ಅದೇ. ಅದರಲ್ಲೂ ಕೊನೆಗೆ ಮುದ್ರಣಾಲಯದ ಕೆಲಸ ನಿಂತು ಪತ್ರಿಕೆ ಮುಚ್ಚುತ್ತದೆ, ಎಲ್ಲರೂ ಸಿನಿಮಾ ತೆಗೆಯಲು ಹೊರಡುತ್ತಾರೆ. ಸುದ್ದಿ ಬಿಟ್ಟು ರಂಜನೆಗೆ ಹೋಗುವ ದಾರಿಯನ್ನು ಮಾಲ್ಗುಡಿಯವರು ಅಮೆರಿಕದವರಿಗಿಂತ ಮೊದಲೇ ಕಂಡಿದ್ದರು.

1955ರಲ್ಲಿ ಶ್ರಮಜೀವಿ ಪತ್ರಕರ್ತರ ಕಾಯಿದೆ ಬಂತು, ವೇತನ ಮಂಡಳಿಗಳು ಬಂದವು. ಮಾಲೀಕರು ಪ್ರತಿ ಸಲವೂ ಕೋರ್ಟು ಹತ್ತಿದರು. ಕೊನೆಯ ಮಜೀಠಿಯಾ ಮಂಡಳಿಯ ವೇತನವನ್ನು 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೂ ಜಾರಿಯಾಗಲಿಲ್ಲವೆಂದು ಪತ್ರಕರ್ತರು ಮತ್ತೆ ಅದೇ ಬಾಗಿಲಿಗೆ ಹೋಗಬೇಕಾಯಿತು. ಇದೆಲ್ಲ ಪಟ್ಟಣದ ಕಾಯಂ ನೌಕರರ ಮಾತು. ತಾಲ್ಲೂಕು ಮಟ್ಟದಲ್ಲಿ ಎಷ್ಟೋ ಹುಡುಗರಿಗೆ ಸಂಬಳವೇ ಇಲ್ಲ; ಗುರುತಿನ ಚೀಟಿ ಒಂದು, ಹಬ್ಬದ ವಿಶೇಷಾಂಕಕ್ಕೆ ಜಾಹೀರಾತು ತಂದರೆ ಕಮಿಷನ್ನು ಒಂದು. ವರ್ತಕ ಮಿತ್ರರೆ, ಯುಗಾದಿಗೆ, ದೀಪಾವಳಿಗೆ ನಿಮ್ಮ ಅಂಗಡಿಯ ಮೆಟ್ಟಿಲು ಹತ್ತಿ ನಿಲ್ಲುವ ಆ ಹುಡುಗನ ಮೇಲೆ ನಿಮಗೆ ಸಿಟ್ಟು ಬರುತ್ತದೆ. ಅವನ ಹೊಟ್ಟೆಗೆ ಹಾಕದೆ ಅವನನ್ನು ನಿಮ್ಮ ಮೇಲೆ ಬಿಟ್ಟವನು ಬೇರೆ ಊರಿನಲ್ಲಿದ್ದಾನೆ. ಮಿಲ್ಲಿನ ಮಾಲೀಕ ಕೊಡುವ ಜಾಹೀರಾತಿನಿಂದ ತನ್ನ ತಿಂಗಳು ಸಾಗುವಾಗ ಆ ಮಿಲ್ಲಿನ ಬಾಗಿಲಲ್ಲಿ ನಿಂತು ಹೆಲ್ಪರುಗಳ ಲೆಕ್ಕ ಕೇಳು ಎಂದು ಯಾವ ಬಾಯಲ್ಲಿ ಅವನಿಗೆ ಹೇಳೋಣ?

ಆ ಧಾರಾವಾಹಿಯ ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುತ್ತೇನೆ. 1977ರ ಕೊನೆಯ ಕಂತಿನಲ್ಲಿ ಕೇಂದ್ರಕ್ಕೆ ಹೊಸ ವ್ಯವಸ್ಥಾಪಕ ಬರುತ್ತಾನೆ. ನೋಡುಗರು ಕಡಿಮೆ ಎಂದು ಸುದ್ದಿಮನೆಯ ಎಲ್ಲರನ್ನೂ ಕೆಲಸದಿಂದ ತೆಗೆಯುತ್ತಾನೆ. ಒಬ್ಬನನ್ನು ಮಾತ್ರ ಉಳಿಸಿಕೊಳ್ಳುತ್ತಾನೆ, ಆ ದಡ್ಡ ಟೆಡ್ಡನನ್ನು. ಇದಕ್ಕೆ ಮಿಲ್ಲಿನವರು ಅರ್ಥ ಬರೆಯಬೇಕಾಗಿಲ್ಲ. ಇನ್ನೊಂದು ವಿಚಿತ್ರವಿದೆ. ಕಡಿಮೆ ಸಂಬಳದ ಮೇರಿಯ ಪಾತ್ರ ಮಾಡಿದ ನಟಿ ನಿಜ ಜೀವನದಲ್ಲಿ ಆ ಧಾರಾವಾಹಿ ತಯಾರಿಸಿದ ಕಂಪನಿಯ ಒಡತಿಯರಲ್ಲಿ ಒಬ್ಬಳು. ಸಂಬಳ ತಾರತಮ್ಯ ಮಾಡಿದ ಲೂ ಗ್ರ್ಯಾಂಟನ ಪಾತ್ರ ಮಾಡಿದ ಎಡ್ ಆಸ್ನರ್ ಸಮಾಜವಾದಿ! 1980ರ ನಟರ ಮುಷ್ಕರದಲ್ಲಿ ಮುಂದೆ ನಿಂತವನು, 1981ರಿಂದ 1985ರವರೆಗೆ ನಟರ ಸಂಘದ ಅಧ್ಯಕ್ಷ. ಅದೇ ಲೂ ಗ್ರ್ಯಾಂಟ್ ಪಾತ್ರವನ್ನಿಟ್ಟು ದಿನಪತ್ರಿಕೆಯ ಕಚೇರಿಯ ಮೇಲೆ ಇನ್ನೊಂದು ಧಾರಾವಾಹಿ ನಡೆದಿತ್ತು. 1982ರಲ್ಲಿ ಆಸ್ನರ್ ಎಲ್ ಸಾಲ್ವಡಾರಿನಲ್ಲಿ ತನ್ನ ಸರ್ಕಾರ ನಡೆಸುತ್ತಿದ್ದ ಕಾರ್ಯನೀತಿಯನ್ನು ಖಂಡಿಸಿ, ಅಲ್ಲಿನ ಬಂಡುಕೋರರ ಕಡೆಯವರ ವೈದ್ಯಕೀಯ ನೆರವಿಗೆ ಹಣ ಕೂಡಿಸಿದ. ಅದೇ ವರ್ಷ ಧಾರಾವಾಹಿ ನಿಂತಿತು. ನೋಡುಗರು ಕಡಿಮೆಯಾದರು ಎಂದು ಕಂಪನಿ ಹೇಳಿತು. ತನ್ನ ಮಾತಿಗಾಗಿಯೇ ನಿಲ್ಲಿಸಿದರು ಎಂದು ಆಸ್ನರ್ 2021ರಲ್ಲಿ ತೀರಿಕೊಳ್ಳುವವರೆಗೂ ನಂಬಿದ್ದ.

ಹೊಳೆನರಸೀಪುರದಲ್ಲಿ ಸಭೆ ಮುಗಿದ ಮೇಲೆ ಕೆಲವು ಹೆಣ್ಣುಮಕ್ಕಳು ಹತ್ತಿರ ಬಂದು ಕೇಳಿದ್ದು ಒಂದೇ ಪ್ರಶ್ನೆ: ಸಂಬಳ ಎಷ್ಟೆಂದು ಒಬ್ಬರಿಗೊಬ್ಬರು ಹೇಳಿಕೊಂಡರೆ ಕೆಲಸ ಹೋಗುವುದಿಲ್ಲವೇ, ಹೇಳಬಾರದೆಂದು ಸೂಪರ್‌ವೈಸರು ತಾಕೀತು ಮಾಡಿದ್ದಾರೆ. ಹೊಸ ಸಂಹಿತೆಯ ಪ್ರಕಾರ ಸಂಬಳದ ಚೀಟಿ ಕೊಡುವುದು ಮಾಲೀಕನ ಕರ್ತವ್ಯ. ಅದು ನಿಮ್ಮ ಕಾಗದ. ಆದರೂ ಒಬ್ಬೊಬ್ಬರೇ ಹೋಗಿ ಕೇಳಿ ಎಂದು ನಾನು ಹೇಳುವುದಿಲ್ಲ. ಮೇರಿ ಒಬ್ಬಳೇ ಒಳಗೆ ಹೋದದ್ದು ನಾಟಕದಲ್ಲಿ. ಇಲ್ಲಿ ಸಂಘ ಹೋಗಲಿ. ನಾಲ್ಕೂ ಊರುಗಳಲ್ಲಿ ಪಕ್ಷದ ಕಚೇರಿ ಭಾನುವಾರ ಬೆಳಿಗ್ಗೆ ತೆರೆದಿರುತ್ತದೆ. ಚೀಟಿಯ ಮೇಲಿನ ಹೆಸರನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡೇ ತೋರಿಸಿ, ತೊಂದರೆಯಿಲ್ಲ. ನಾವು ಬರೆದುಕೊಳ್ಳುವುದು ಚೀಟಿಯಲ್ಲಿ ಕೆಲಸದ ಹೆಸರೇನು, ನೀವು ನಿಜವಾಗಿ ಮಾಡುವ ಕೆಲಸವೇನು, ಎಷ್ಟು ವರ್ಷವಾಯಿತು, ಕೈಗೆ ಬಂದದ್ದೆಷ್ಟು ಎಂಬುದನ್ನು ಮಾತ್ರ. ಗಂಡಸರ ಚೀಟಿಗಳೂ ಬೇಕು. ಅವಿಲ್ಲದಿದ್ದರೆ ಹೋಲಿಸುವುದು ಯಾವುದಕ್ಕೆ?